ಜೇಡ ಕಂಡ ಕೋಣೆ

ಮೂರು ಗುಡ್ಡ ದಾಟಿದ ಮೇಲೆ, ನಾಲ್ಕನೆಯದನ್ನು ಹತ್ತುವ ಮನಸ್ಸು ಯಾರಿಗೂ ಬಾರದ ಕಡೆ, ಒಂದು ಊರಿತ್ತು. ಆ ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಜೇಡ ಕಂಡ ಕೋಣೆ ಜೇಡದ್ದು.

ಮೂಲೆಯಲ್ಲಿ ಬಲೆ ಹೆಣೆದುಕೊಂಡು ನೊಣ ಕಾಯುವ ಪುಡಿ ಜೇಡದ ಮಾತಲ್ಲ ಇದು. ಅಂಗೈ ಅಗಲದ್ದು, ಕಂದು ಬಣ್ಣದ್ದು, ಬಲೆ ಗಿಲೆ ಕಟ್ಟದೆ ಗೋಡೆಗೆ ಚಪ್ಪಟೆಯಾಗಿ ಅಂಟಿಕೊಂಡು ಕೂರುವುದು, ಕೆಣಕಿದರೆ ಅಡ್ಡಡ್ಡ ಓಡುವುದು. ಅಂಥದ್ದು ಗೋಡೆಯ ಮೇಲೆ ಕಂಡಿತೋ, ಮನೆಯ ಹಿರಿಯರು ಮೊರವನ್ನು ತಲೆಗೆ ಕವುಚಿಕೊಂಡು, ಮುಖವನ್ನು ಜೇಡದ ಕಡೆಗೇ ಇಟ್ಟು, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತ ಹೊರಗೆ ಬರುವರು. ಬರುತ್ತ ಹೇಳುವರು: "ನೀನು ಒಳಗೆ, ನಾನು ಹೊರಗೆ. ನೀನು ಒಳಗೆ, ನಾನು ಹೊರಗೆ." ಆಮೇಲೆ ಜಾಗಟೆಯವನು ಬರುವನು. ಮೊದಲ ಪೆಟ್ಟಿಗೆ ಬಾಗಿಲು ಮುಚ್ಚಬೇಕು. ಎರಡನೆಯದಕ್ಕೆ ಬೀಗ ತರಬೇಕು. ಮೂರನೆಯದಕ್ಕೆ ಬೀಗ ಹಾಕಬೇಕು. ಬೀಗದ ಕೈ ಊರ ಬಾವಿಗೆ. ಕೋಣೆಯೊಳಗೆ ಹಾಸಿಗೆ ಇರಲಿ, ಪಾತ್ರೆ ಇರಲಿ, ಮದುವೆಯ ಸೀರೆಯೇ ಇರಲಿ, ಇದ್ದದ್ದು ಇದ್ದಲ್ಲೇ.

ಕೊನೆಯ ಕೋಣೆಗೂ ಬೀಗ ಬಿದ್ದ ಮನೆಯವರು ಊರಬಾಗಿಲು ದಾಟಿ ಹೋಗಬೇಕು. ಜಗಲಿ, ಅಂಗಳ, ಹಿತ್ತಿಲು ಇವೆಲ್ಲ ಕೋಣೆಯ ಲೆಕ್ಕಕ್ಕೆ ಬಾರವು. ಹೋದವರು ಎಲ್ಲಿಗೆ ಹೋದರೆಂದು ಉಳಿದವರು ಕೇಳುತ್ತಿರಲಿಲ್ಲ. ಕೇಳಿದರೆ ದಾರಿ ಗೊತ್ತಾಗಿಬಿಡುತ್ತದಲ್ಲ.

ಇಂಥ ಊರಿಗೆ ವರ್ಷಕ್ಕೊಮ್ಮೆ ಬರುತ್ತಿದ್ದವನು ಬೀಗದ ಶೆಟ್ಟಿ. ಕತ್ತೆಯ ಮೇಲೆ ಎರಡು ಮೂಟೆ ಬೀಗ ಹೇರಿಕೊಂಡು ಬಂದರೆ ಖಾಲಿ ಗೋಣಿ ಮಡಚಿಕೊಂಡು ಹೋಗುತ್ತಿದ್ದ. ಅವನ ಅಪ್ಪ ಬರುತ್ತಿದ್ದ, ತಾತ ಬರುತ್ತಿದ್ದ. ಹಳೆಯ ಬೀಗಕ್ಕೆ ಜೇಡ ಮರ್ಯಾದೆ ಕೊಡುವುದಿಲ್ಲ, ಪ್ರತಿ ಕೋಣೆಗೂ ಹೊಸದೇ ಆಗಬೇಕು ಎಂಬ ಮಾತು ಆ ಊರಿನ ಶಾಸ್ತ್ರದಲ್ಲಿತ್ತು. ಆ ಮಾತನ್ನು ಮೊದಲು ಹೇಳಿದವನು ಶೆಟ್ಟಿಯ ತಾತ. ಊರವರಿಗೆ ಅದು ಮರೆತುಹೋಗಿತ್ತು. ಶೆಟ್ಟಿಗೆ ಮರೆತಿರಲಿಲ್ಲ.

ಶೆಟ್ಟಿ ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ವ್ಯಾಪಾರಿ. ಗಿರಾಕಿಯ ಹಸಿವಿನ ಬಗ್ಗೆ ಮಾತಾಡಬಹುದು, ಗಿರಾಕಿಯ ಭಯದ ಬಗ್ಗೆ ಮಾತಾಡಬಾರದು ಎಂಬುದು ಅವನ ಮನೆತನದ ಬುದ್ಧಿ. ಆದರೂ ಒಮ್ಮೊಮ್ಮೆ ನಾಲಿಗೆ ತುರಿಸುತ್ತದೆ. ಈ ಸಲ ಊರಬಾಗಿಲಲ್ಲಿ ಜಾಗಟೆಯವನು ಎದುರಾದಾಗ ಕೇಳಿಯೇಬಿಟ್ಟ:

"ಅಲ್ಲ ಕಣಯ್ಯ, ಈ ಜೇಡ ಯಾರಿಗಾದರೂ ಕಚ್ಚಿದ್ದು ನೀನು ಕಂಡಿದ್ದೀಯಾ?"

"ಕಚ್ಚಿಸಿಕೊಂಡವರು ಹೇಳೋಕೆ ಉಳೀತಾರಾ ಶೆಟ್ರೇ?"

"ಮತ್ತೆ ನಿನ್ನ ಕಾಲು ಕುಂಟು?"

"ಅದು ಜೇಡ ನೋಡಿ ಓಡುವಾಗ ಮೆಟ್ಟಿಲ ಮೇಲಿಂದ ಬಿದ್ದದ್ದು."

"ನಿಮ್ಮಣ್ಣನ ಕೈ ಸೊಟ್ಟ?"

"ಅವನೂ ಓಡುವಾಗಲೇ. ನೋಡಿದ್ರಾ ಎಂಥ ಅಪಾಯದ ಪ್ರಾಣಿ!"

ಶೆಟ್ಟಿ ತಲೆಯಾಡಿಸಿ ಕತ್ತೆಯ ಹಗ್ಗ ಎಳೆದ.

ಅವನು ಪ್ರತಿ ವರ್ಷ ಇಳಿದುಕೊಳ್ಳುತ್ತಿದ್ದದ್ದು ಬೀದಿಯ ತುದಿಯ ದೊಡ್ಡ ಮನೆಯ ಜಗಲಿಯಲ್ಲಿ. ಹತ್ತು ಕೋಣೆಯ ಮನೆ ಅದು. ಈಗ ನಾಲ್ಕು ಉಳಿದಿದ್ದವು. ಮನೆಯೊಡತಿ ಗಟ್ಟಿ ಹೆಂಗಸು. ಆರು ಕೋಣೆಗೆ ತಾನೇ ಮೊರ ಹೊತ್ತು, ತಾನೇ ಬೀಗ ಜಡಿದಿದ್ದಳು. ಮಗ ಉಪ್ಪಿನ ಗಾಡಿಯ ಜೊತೆ ಗುಡ್ಡದಾಚೆ ಹೋಗಿದ್ದ. ಮನೆಯಲ್ಲಿ ಇದ್ದವಳು ಸೊಸೆ, ದಿನ ತುಂಬಿದ ಬಸುರಿ. ಚೊಚ್ಚಲು ಹೆರಿಗೆಗೆ ತವರಿಗೆ ಹೋಗಬೇಕಾದವಳು ಇಲ್ಲೇ ಉಳಿದಿದ್ದಳು. ತವರಿನವರ ಕೊನೆಯ ಕೋಣೆಗೆ ಹೋದ ವರ್ಷವೇ ಬೀಗ ಬಿದ್ದಿತ್ತು. ಅವರು ಈಗ ಎಲ್ಲಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ.

"ಬನ್ನಿ ಶೆಟ್ರೇ," ಎಂದಳು ಒಡತಿ. "ಸೊಸೆಗೆ ಒಳಕೋಣೆ ಸಾರಿಸಿ ಇಟ್ಟಿದ್ದೀನಿ. ಇನ್ನು ನಾಲ್ಕೈದು ದಿನ. ಮಜ್ಜಿಗೆ ಕುಡೀರಿ."

ಮಜ್ಜಿಗೆಯ ಲೋಟ ಬಾಯಿಗೆ ಇಡುವಷ್ಟರಲ್ಲಿ ಉಗ್ರಾಣದಿಂದ ಒಡತಿಯ ಕೂಗು ಕೇಳಿಸಿತು.

ಮೊರ ಬಂತು. ಒಡತಿ ಹಿಂದೆ ಹಿಂದೆ ಹೆಜ್ಜೆ ಇಟ್ಟಳು. ನೀನು ಒಳಗೆ, ನಾನು ಹೊರಗೆ. ಜಾಗಟೆ ಮೂರು ಸಲ ಬಡಿಯಿತು. ಶೆಟ್ಟಿ ಬೀಗ ಕೊಡಲು ಹೋದವನು, ಬಾಗಿಲು ಮುಚ್ಚುವ ಮೊದಲು, ಮಾಲು ನೋಡುವ ಅಭ್ಯಾಸದ ಕಣ್ಣಿನಿಂದ ಒಳಗೆ ನೋಡಿದ. ಜೇಡ ಗೋಡೆಯ ಮೇಲಿತ್ತು. ಎಡಗಡೆಯ ಮುಂದಿನ ಕಾಲು ಇರಲಿಲ್ಲ. ಏಳು ಕಾಲಿನದು.

ಮರುದಿನ ಬೆಳಿಗ್ಗೆ ಜಗಲಿಯ ಪಕ್ಕದ ಕೋಣೆಯಲ್ಲಿ ಕಂಡಿತು. ಮೊರ, ಹಿಂದಿನ ಹೆಜ್ಜೆ, ನೀನು ಒಳಗೆ, ನಾನು ಹೊರಗೆ, ಮೂರು ಪೆಟ್ಟು, ಬೀಗ, ಬಾವಿ. ಶೆಟ್ಟಿ ಬಗ್ಗಿ ನೋಡಿದ. ಎಡಗಡೆಯ ಮುಂದಿನ ಕಾಲು ಇಲ್ಲ.

ಮೂರನೆಯ ದಿನ ಅಡುಗೆಮನೆ. ಒಲೆಯ ಮೇಲೆ ಬೇಯುತ್ತಿದ್ದ ಅನ್ನ ಒಲೆಯ ಮೇಲೆಯೇ ಉಳಿಯಿತು. ಮೊರ, ಹೆಜ್ಜೆ, ಪೆಟ್ಟು, ಬೀಗ, ಬಾವಿ. ಶೆಟ್ಟಿ ನೋಡಿದ. ಅದೇ ಕಂದು ಬಣ್ಣ, ಅದೇ ಕುಳಿತ ಭಂಗಿ, ಅದೇ ಕಾಲು ಇಲ್ಲ.

ಮೂರು ದಿನ, ಮೂರು ಕೋಣೆ, ಮೂರು ಬೀಗ, ಒಂದು ಜೇಡ. ಶೆಟ್ಟಿ ಬಾಯಿ ಬಿಡಲಿಲ್ಲ. ಗೋಣಿ ಹಗುರವಾಗುತ್ತಿರುವಾಗ ಯಾರು ಬಾಯಿ ಬಿಡುತ್ತಾರೆ?

ಆ ಮಧ್ಯಾಹ್ನ ಒಡತಿ ಅಂಗಳದಲ್ಲಿ ಮೂರು ಕಲ್ಲು ಹೂಡಿ ಹೊಸದಾಗಿ ಅನ್ನಕ್ಕೆ ಇಟ್ಟಿದ್ದಳು. ಶೆಟ್ಟಿ ಕಂಬಕ್ಕೆ ಒರಗಿ ಕಾಲು ಚಾಚಿದ್ದ. ಅಡುಗೆಮನೆಯ ಬಾಗಿಲಿಗೆ ಅವನದೇ ಬೀಗ, ಐದು ಬೆರಳು ಅಗಲದ್ದು, ಹೊಳೆಯುತ್ತಿತ್ತು. ಬೀಗದ ಕೆಳಗೆ ಬಾಗಿಲು, ಬಾಗಿಲ ಕೆಳಗೆ ಹೊಸ್ತಿಲು, ಎರಡರ ನಡುವೆ ಒಂದು ಸಂದು. ಆ ಸಂದಿನಿಂದ ಮೊದಲು ಒಂದು ಕಾಲು ಬಂತು. ಆಮೇಲೆ ಇನ್ನೊಂದು. ಆಮೇಲೆ ಎಲೆಯಂತೆ ಚಪ್ಪಟೆಯಾದ ಮೈ. ಜೇಡ ಹೊರಗೆ ಬಂದು ಮೈ ಸರಿಪಡಿಸಿಕೊಂಡು, ಅನ್ನದ ಅಗುಳು ಬಿದ್ದಲ್ಲಿ ಓಡಾಡುತ್ತಿದ್ದ ಜಿರಳೆಯನ್ನು ಲಬಕ್ಕನೆ ಹಿಡಿದು, ಸಾವಕಾಶವಾಗಿ ಒಳಕೋಣೆಯ ಬಾಗಿಲ ಕಡೆ ಹೊರಟಿತು.

ವ್ಯಾಪಾರಿಗೆ ವಿಷಯ ಅರ್ಥವಾಗಲು ಎಷ್ಟು ಹೊತ್ತು? ಬೀಗ ಹಾಕಿದ ಕೋಣೆಯಲ್ಲಿ ಜನ ಇಲ್ಲ. ಜನ ಇಲ್ಲದಿದ್ದರೆ ಅಗುಳು ಇಲ್ಲ, ಅಗುಳು ಇಲ್ಲದಿದ್ದರೆ ಜಿರಳೆ ಇಲ್ಲ, ಜಿರಳೆ ಇಲ್ಲದ ಕಡೆ ಜೇಡಕ್ಕೆ ಏನು ಕೆಲಸ? ಜನ ಹೋದ ಕಡೆ ಜಿರಳೆ, ಜಿರಳೆ ಹೋದ ಕಡೆ ಜೇಡ, ಜೇಡ ಹೋದ ಕಡೆ ಬೀಗ. ಅವನ ತಾತನ ಕಾಲದಿಂದ ಹೀಗೇ ನಡೆದಿದೆ. ಬೀಗ ಹಾಕಿದ್ದು ಜೇಡಕ್ಕಲ್ಲ, ಕೋಣೆಗೆ.

"ನೀವೂ ನೋಡಿದ್ರಿ," ಎಂದಿತು ಒಂದು ದನಿ.

ಸೊಸೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಒರಳುಕಲ್ಲಿನ ಮೇಲೆ ಕುಳಿತಿದ್ದಳು.

"ಏನು ನೋಡಿದ್ದು?" ಎಂದ ಶೆಟ್ಟಿ.

"ಏಳು ಕಾಲು. ಮೂರು ದಿನದಿಂದ ನಾನೂ ಎಣಿಸ್ತಿದ್ದೀನಿ."

"ಮತ್ತೆ ಅತ್ತೆಗೆ ಹೇಳೋದಲ್ವಾ ತಾಯಿ?"

"ಹೇಳಿದೆ. 'ಬಸುರಿ ಕಣ್ಣಿಗೆ ಏನೇನೋ ಕಾಣುತ್ತೆ, ಸುಮ್ನಿರು' ಅಂದ್ರು. ಬೀಗ ಮಾರೋ ಶೆಟ್ರು ಹೇಳಿದ್ರೆ ನಂಬ್ತಾರೆ. ಲಾಭ ಬಿಟ್ಟು ಯಾರೂ ಸುಳ್ಳು ಹೇಳಲ್ಲ ನೋಡಿ."

ಶೆಟ್ಟಿ ಗೋಣಿಯ ಬಾಯಿ ಬಿಚ್ಚಿ ಮತ್ತೆ ಕಟ್ಟಿದ.

"ನಾಳೆ ಒಳಕೋಣೆಗೆ ಬೀಗ ಬಿದ್ರೆ ನಾನು ದಾರಿಯಲ್ಲಿ ಹೆರಬೇಕು," ಎಂದಳು ಅವಳು, ಹವಾಮಾನದ ವಿಷಯ ಹೇಳಿದಂತೆ. "ಗುಡ್ಡ ಹತ್ತುವಾಗಲೋ ಇಳಿಯುವಾಗಲೋ, ಅದೊಂದು ಗೊತ್ತಿಲ್ಲ." ಎದ್ದು, ಸೊಂಟ ಹಿಡಿದುಕೊಂಡು ಹಿತ್ತಿಲ ಕಡೆ ಹೋದಳು.

ನಾಲ್ಕನೆಯ ದಿನ ಬೆಳಿಗ್ಗೆ ಒಳಕೋಣೆಯಿಂದ ಕೂಗು ಬಂದಿತು. ಈ ಸಲ ಒಡತಿಯ ದನಿ ಅರ್ಧಕ್ಕೇ ನಿಂತಿತು. ಹಳೆಯ ಬಟ್ಟೆಯ ಮೆತ್ತೆ, ಬಾಣಂತಿಯ ಚಾಪೆ, ಎಣ್ಣೆಯ ಗಿಂಡಿ ಎಲ್ಲವನ್ನೂ ಅವಳೇ ಜೋಡಿಸಿಟ್ಟ ಕೋಣೆ ಅದು. ಮೊರ ಹೊತ್ತು ಹಿಂದಕ್ಕೆ ಬರುವಾಗ ಎರಡು ಸಲ ಎಡವಿದಳು. "ನೀನು ಒಳಗೆ," ಎಂದಳು. "ನಾನು ಹೊರಗೆ" ಎನ್ನಲಿಲ್ಲ. ಆದರೂ ಹೊರಗೆ ಬಂದಳು. ಕಟ್ಟಳೆ ಕಟ್ಟಳೆಯೇ.

ಕೊನೆಯ ಕೋಣೆ ಎಂದರೆ ಇಡೀ ಊರು ಬಂದು ನೋಡಬೇಕು. ಬಂದರು. ಅಂಗಳ ತುಂಬಿತು. ಜಾಗಟೆಯವನು ಕುಂಟುತ್ತ ಬಂದ. ಅವನ ಹಿಂದೆ ಪಂಡಿತ ಬಂದ. ಪಂಡಿತ ಜೇಡದ ವಿಷಯದಲ್ಲಿ ದೊಡ್ಡ ವಿದ್ವಾಂಸ. ಜೇಡವನ್ನು ಹತ್ತಿರದಿಂದ ನೋಡಿರಲಿಲ್ಲ, ಅಷ್ಟೇ.

ಮೊದಲ ಪೆಟ್ಟು ಬಿತ್ತು. ಒಡತಿ ಬಾಗಿಲು ಎಳೆದುಕೊಂಡಳು.

ಎರಡನೆಯ ಪೆಟ್ಟು ಬಿತ್ತು. ಎಲ್ಲರೂ ಶೆಟ್ಟಿಯ ಕಡೆ ತಿರುಗಿದರು.

ಶೆಟ್ಟಿ ಗೋಣಿಯ ಮೇಲೆ ಕುಳಿತಿದ್ದ. "ಬೀಗ ಇಲ್ಲ," ಎಂದ.

"ಕೂತಿರೋದು ಯಾತರ ಮೇಲೆ?" ಎಂದ ಜಾಗಟೆಯವನು.

"ಬೀಗದ ಮೇಲೆ. ಮಾರೋಕೆ ಇಲ್ಲ ಅಂದೆ."

ಕರುಣೆಯಿಂದ ಹಾಗೆಂದ ಅಂತ ಯಾರಾದರೂ ತಿಳಿದರೆ ಅದು ತಿಳಿದವರ ದೊಡ್ಡತನ. ಶೆಟ್ಟಿ ಆ ಬೆಳಿಗ್ಗೆ ಬೀದಿಯ ಉದ್ದಕ್ಕೂ ಒಂದು ಸುತ್ತು ಹಾಕಿದ್ದ. ತಾತನ ಕಾಲಕ್ಕೆ ಎರಡು ಸಾಲು ತುಂಬ ಹೊಗೆ ಏಳುತ್ತಿದ್ದ ಬೀದಿ. ಈಗ ಹೊಗೆ ಎದ್ದದ್ದು ಹನ್ನೊಂದು ಮನೆಯಲ್ಲಿ. ಆ ಹನ್ನೊಂದರಲ್ಲಿ ಇದೂ ಒಂದು. ಬೀಗ ಹಾಕಿಸಿಕೊಂಡ ಮನೆ ಇನ್ನೊಂದು ಬೀಗ ಕೊಳ್ಳುವುದಿಲ್ಲ. ಗಿರಾಕಿಯನ್ನು ಊರಬಾಗಿಲ ಆಚೆ ಕಳಿಸುವ ವ್ಯಾಪಾರ ಮೂರು ತಲೆಮಾರು ನಡೆದದ್ದೇ ಹೆಚ್ಚು. ಜೊತೆಗೆ ಆ ಹುಡುಗಿ ಒರಳುಕಲ್ಲಿನ ಪಕ್ಕ ನಿಂತು, ಅವನ ಮುಖವನ್ನೇ ನೋಡುತ್ತಿದ್ದಳು. ಅದೂ ಒಂದಿಷ್ಟು ಇತ್ತು, ಸುಳ್ಳೇಕೆ.

"ಕೇಳಿ," ಎಂದ ಶೆಟ್ಟಿ. "ಉಗ್ರಾಣದಲ್ಲಿ ಕಂಡದ್ದು, ಜಗಲಿ ಕೋಣೆಯಲ್ಲಿ ಕಂಡದ್ದು, ಅಡುಗೆಮನೆಯಲ್ಲಿ ಕಂಡದ್ದು, ಇಲ್ಲಿ ಕಂಡದ್ದು, ಎಲ್ಲಾ ಒಂದೇ. ಏಳು ಕಾಲಿನದು. ನೀವು ಬೀಗ ಹಾಕ್ತೀರಿ, ಅದು ಬಾಗಿಲ ಕೆಳಗೆ ನುಸುಳಿ ನಿಮ್ಮ ಹಿಂದೆಯೇ ಬರುತ್ತೆ. ನನ್ನ ಬೀಗ ಒಳ್ಳೆಯದೇ. ಸಂದಿಗೆ ಬೀಗ ಹಾಕೋದು ನನಗೂ ಬರಲ್ಲ."

ಎಲ್ಲರೂ ಪಂಡಿತನನ್ನು ನೋಡಿದರು.

"ಏಳು ಕಾಲಾ?" ಪಂಡಿತ ಕಣ್ಣು ಮುಚ್ಚಿ ತೆರೆದ. "ಹಾಗಾದರೆ ಇನ್ನೂ ಅಪಾಯ. ಎಂಟನೇ ಕಾಲಿಗೆ ಹೋಗಬೇಕಾದ ವಿಷ ಎಲ್ಲಿ ಹೋಗುತ್ತೆ? ಹಲ್ಲಿಗೆ!"

"ಅಯ್ಯಯ್ಯೋ," ಎಂದರು ಜನ.

"ಪಂಡಿತರೇ, ಅದು ಕಚ್ಚಿದ್ದು ನೀವು ಕಂಡಿದ್ದೀರಾ?" ಎಂದ ಶೆಟ್ಟಿ.

"ಕಾಣದಿರೋದೇ ಅದರ ಅಪಾಯ ಕಣಯ್ಯ. ಕಚ್ಚಿದ್ದು ಕಂಡಿದ್ರೆ ಮದ್ದು ಕಂಡುಹಿಡೀತಿದ್ದೆ."

ಇಂಥ ಮಾತಿನ ಎದುರು ಮಾತು ಮಾರಾಟವಾಗುವುದಿಲ್ಲ, ಮಾಲು ತೋರಿಸಬೇಕು. ಶೆಟ್ಟಿ ಎದ್ದ. ಮಜ್ಜಿಗೆಯ ಖಾಲಿ ಲೋಟ ಹಿಡಿದು, ಬಾಗಿಲು ತಳ್ಳಿ ಒಳಗೆ ಹೋದ. ಹೊರಗೆ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಜೇಡ ಎದುರಿನ ಗೋಡೆಯಲ್ಲಿ, ಆಳೆತ್ತರದಲ್ಲಿ ಕೂತಿತ್ತು. ಶೆಟ್ಟಿ ಲೋಟ ಕವುಚಿ ಹಿಡಿಯೋಣ ಎಂದು ಹೋದ. ಜೇಡಕ್ಕೆ ಲೋಟದ ವಿಚಾರ ಹಿಡಿಸಲಿಲ್ಲ. ಅಡ್ಡ ಓಡಿತು, ಅವನ ಕೈ ಏರಿತು, ಅಂಗಿಯ ತೋಳಿನೊಳಗೆ ನುಗ್ಗಿತು. ಎಂಥ ವ್ಯಾಪಾರಿಯೂ ತೋಳಿನೊಳಗೆ ಎಂಟು ಕಾಲು ಓಡುವಾಗ ಲಾಭನಷ್ಟ ಯೋಚಿಸುವುದಿಲ್ಲ, ಏಳಾದರೂ ಅಷ್ಟೇ. ಶೆಟ್ಟಿ ಇನ್ನೊಂದು ಕೈಯನ್ನು ತೋಳಿನೊಳಗೆ ತೂರಿಸಿ ಗಬಕ್ಕನೆ ಮುಷ್ಟಿಯಲ್ಲಿ ಹಿಚುಕಿದ. ಜೇಡ ಹೆಬ್ಬೆರಳ ಬುಡಕ್ಕೆ ಕಚ್ಚಿತು.

"ಹಾಳಾಗಿ ಹೋಗ!" ಎಂದು ಶೆಟ್ಟಿ ಹೊರಗೆ ಹಾರಿದ. ಮುಷ್ಟಿ ಬಿಚ್ಚಿತು. ಜೇಡ ಹೊಸ್ತಿಲ ಮೇಲೆ ಬಿದ್ದು, ಇಡೀ ಊರು ನೋಡುವಂತೆ ಒಂದು ಗಳಿಗೆ ಕೂತಿತು. ಎಲ್ಲರೂ ಎಣಿಸಿದರು. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು. ಎಂಟು ಇಲ್ಲ. ಜೇಡ ಒಳಕ್ಕೆ ಹೋಯಿತು.

ಆದರೆ ಆಗ ಕಾಲಿನ ಲೆಕ್ಕ ಯಾರಿಗೆ ಬೇಕಿತ್ತು? ಶೆಟ್ಟಿಯ ಹೆಬ್ಬೆರಳು ಕೆಂಪಗೆ ಊದುತ್ತಿತ್ತು. ಅವನು ಕೈ ಕೊಡವುತ್ತ ಹಲ್ಲು ಕಚ್ಚಿದ್ದ.

ಪಂಡಿತನ ಮುಖ ಬೆಳಗಿತು. "ಕಂಡಿರಾ? ಗೋಡೆಯ ನೆರಳು ಒರಳುಕಲ್ಲು ಮುಟ್ಟುವುದರೊಳಗೆ ಪ್ರಾಣ ಹೋಗುತ್ತೆ. ಕೂಡಿಸಿ ಪಾಪ."

ಕೂಡಿಸಿದರು. ಊರು ಸುತ್ತ ಕುಳಿತಿತು. ಮೂರನೆಯ ಪೆಟ್ಟನ್ನು ಶೆಟ್ಟಿ ಸತ್ತ ಮೇಲೆ ಹೊಡೆಯುವುದು, ಗೋಣಿಯಿಂದ ತಾವೇ ಬೀಗ ತೆಗೆದುಕೊಳ್ಳುವುದು ಎಂದು ತೀರ್ಮಾನವಾಯಿತು. ಜಾಗಟೆಯವನು ಕೋಲು ಹಿಡಿದೇ ಕುಳಿತ.

"ಶೆಟ್ರೇ, ಕೊನೇ ಆಸೆ ಏನಾದ್ರೂ?"

"ಮಜ್ಜಿಗೆ. ಉಪ್ಪು ಸ್ವಲ್ಪ ಜಾಸ್ತಿ ಹಾಕಿ."

"ನಿಮ್ಮ ಕತ್ತೆ ಯಾರಿಗೆ?"

"ನಿನಗೆ. ನಿನ್ನ ಕುಂಟುಕಾಲಿಗೆ ಒಂದು ಜೊತೆ ಆಗುತ್ತೆ."

ನೋವು ಇತ್ತು. ಸುಡುತ್ತಿತ್ತು, ಮೊಣಕೈವರೆಗೆ ಜುಮು ಜುಮು ಎನ್ನುತ್ತಿತ್ತು. ಶೆಟ್ಟಿ ಅದನ್ನು ಮಾಲು ತೂಗಿದಂತೆ ಮನಸ್ಸಿನಲ್ಲೇ ತೂಗಿ ನೋಡಿದ. ಚೇಳಿಗಿಂತ ಬಹಳ ಕಡಿಮೆ. ಇರುವೆಗಿಂತ ಜಾಸ್ತಿ. ಹಿಚುಕಿದ್ದು ತಾನು, ಕಚ್ಚಿದ್ದು ಅದು; ಯಾರದೂ ಮೋಸವಿಲ್ಲ. ಹಾಗೆ ಯಾರದೋ ಮುಷ್ಟಿಯಲ್ಲಿ ಸಿಕ್ಕಿಬಿದ್ದಿದ್ದರೆ ತಾನೂ ಕಚ್ಚುತ್ತಿದ್ದೆ ಎನಿಸಿತು.

ನೆರಳು ಅಂಗುಲ ಅಂಗುಲವಾಗಿ ಬಂತು. ಊರು ಒಮ್ಮೆ ನೆರಳನ್ನು, ಒಮ್ಮೆ ಶೆಟ್ಟಿಯನ್ನು ನೋಡುತ್ತಿತ್ತು. ಎಲ್ಲ ಕಣ್ಣುಗಳೂ ಆ ಕಡೆ ಇರುವಾಗ, ಬೆಳಗಿನಿಂದ ಸೊಂಟ ಹಿಡಿದುಕೊಂಡು ನಿಂತಿದ್ದ ಸೊಸೆ ಮೆಲ್ಲಗೆ ನಡೆದು, ಯಾರನ್ನೂ ಕೇಳದೆ, ಮೊರ ಗಿರ ಇಲ್ಲದೆ, ಒಳಕೋಣೆಗೆ ಹೋಗಿಬಿಟ್ಟಳು.

ಮೊದಲು ನೋಡಿದವಳು ಅತ್ತೆ. "ಏಯ್! ಹೊರಗೆ ಬಾರೇ!"

"ಆಗಲ್ಲ ಅತ್ತೆ." ಒಳಗಿನಿಂದ ದನಿ ಬಂತು, ಉಸಿರು ಕಟ್ಟಿ. "ಮುಂಜಾನೆಯಿಂದ ಶುರುವಾಗಿದೆ. ಗುಡ್ಡ ಹತ್ತೋವರೆಗೆ ಇದು ಕಾಯಲ್ಲ."

ಸೂಲಗಿತ್ತಿಯನ್ನು ಎಳೆದು ತಂದರು. ಊರಿನ ಅರ್ಧ ಜನರನ್ನು ಲೋಕಕ್ಕೆ ತಂದ ಮುದುಕಿ ಹೊಸ್ತಿಲ ಹತ್ತಿರ ಬಂದು, ಕತ್ತು ಚಾಚಿ ನೋಡಿ, ನಿಂತುಬಿಟ್ಟಳು. "ಅದು ಮೇಲೆ ಕೂತಿದೆ. ನಾನು ಇಲ್ಲಿಂದಲೇ ಹೇಳ್ತೀನಿ, ನೀನು ಮಾಡ್ಕೋ ಮಗಳೇ. ಉಸಿರು ಬಿಗಿಹಿಡಿ!"

"ಬಿಗಿಹಿಡಿದಿದ್ದೀನಿ ಅಜ್ಜಿ! ಹಿಡ್ಕೊಳ್ಳೋಕೆ ಯಾರದ್ದಾದ್ರೂ ಕೈ ಬೇಕು!"

ಒಡತಿ ಅಂಗಳದ ಒಲೆಯಿಂದ ಬಿಸಿನೀರಿನ ಹಂಡೆ ಎತ್ತಿಕೊಂಡು ಬಂದಳು. ಹೊಸ್ತಿಲವರೆಗೆ ಬಂದಳು. ಅಲ್ಲಿ ಕಾಲು ನಿಂತುಹೋಯಿತು. ಹತ್ತು ಕೋಣೆಯಿಂದ ಹಿಂದೆ ಹಿಂದೆ ಬಂದ ಕಾಲುಗಳು ಅವು. ಮುಂದೆ ಹೋಗುವ ದಾರಿ ಮರೆತಿದ್ದವು. ಹಂಡೆಯ ಹಬೆ ಅವಳ ಮುಖಕ್ಕೆ ಹೊಡೆಯುತ್ತಿತ್ತು.

"ಅತ್ತೆ!" ಒಳಗಿನಿಂದ.

ಒಡತಿ ಶೆಟ್ಟಿಯ ಕಡೆ ತಿರುಗಿದಳು. "ಶೆಟ್ರೇ. ನಿಜ ಹೇಳಿ. ಎಷ್ಟು ನೋಯುತ್ತೆ?"

ಮೂರು ತಲೆಮಾರಿನ ವ್ಯಾಪಾರದಲ್ಲಿ ಆ ಊರಿನಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಸಾಯಿಸುತ್ತಾ ಎಂದು ಕೇಳಿದ್ದರು, ಶಾಪವಾ ಎಂದು ಕೇಳಿದ್ದರು. ಎಷ್ಟು ಎಂದು ಕೇಳಿರಲಿಲ್ಲ. ಶೆಟ್ಟಿ ಒಂದು ಕಾಳು ಹೆಚ್ಚು ಇಲ್ಲ, ಒಂದು ಕಾಳು ಕಡಿಮೆ ಇಲ್ಲ ಎಂಬಂತೆ ಹೇಳಿದ:

"ಕಡಜ ಕಚ್ಚಿದಷ್ಟು ತಾಯಿ. ಅದೂ ಹಿಚುಕಿದರೆ."

"ಕಡಜನಾ?" ಒಡತಿ ಒಂದು ಕ್ಷಣ ಅವನನ್ನೇ ನೋಡಿದಳು. "ಕಡಜ ನನಗೆ ಮೂರು ಸಲ ಕಚ್ಚಿದೆ."

ಹಂಡೆ ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಅಂಗಳಕ್ಕೆ ಕೇಳಿಸಿದ್ದು ದನಿಗಳು ಮಾತ್ರ. ಸೊಸೆಯ ನರಳಾಟ. ಒಡತಿಯ "ಇನ್ನೊಂದು ಸಲ, ನನ್ನವ್ವ, ಇನ್ನೊಂದೇ ಸಲ." ಹೊಸ್ತಿಲಿಂದ ಸೂಲಗಿತ್ತಿಯ ಕೂಗು. ನಡುವೆ ಒಮ್ಮೆ ಒಡತಿ, "ಸರಿ ಅತ್ಲಾಗೆ, ನಿನ್ನ ಕೆಲಸ ನೀ ಮಾಡ್ಕೋ, ಇಲ್ಲಿ ಹೆರಿಗೆ ಆಗ್ತಿದೆ!" ಎಂದು ಗದರಿದ್ದು ಕೇಳಿಸಿತು. ಯಾರಿಗೆ ಗದರಿದಳೆಂದು ಎಲ್ಲರಿಗೂ ತಿಳಿಯಿತು. ಸ್ವಲ್ಪ ಹೊತ್ತಿಗೆ ಸೂಲಗಿತ್ತಿಯ ದನಿ ಹೊಸ್ತಿಲಿಂದ ಬರುತ್ತಿಲ್ಲ, ಒಳಗಿನಿಂದ ಬರುತ್ತಿದೆ ಎಂದು ಯಾರೋ ಗಮನಿಸಿದರು. ಅವಳು ಯಾವಾಗ ಹೊಸ್ತಿಲು ದಾಟಿದಳೋ ಅವಳಿಗೇ ಗೊತ್ತಿರಲಿಕ್ಕಿಲ್ಲ.

ಗೋಡೆಯ ನೆರಳು ಒರಳುಕಲ್ಲು ಮುಟ್ಟಿತು. ದಾಟಿತು. ಶೆಟ್ಟಿ ಎರಡನೆಯ ಲೋಟ ಮಜ್ಜಿಗೆ ಮುಗಿಸಿ ತೇಗಿದ.

"ಪಂಡಿತರೇ, ಹೊತ್ತಾಯ್ತು," ಎಂದ. "ನಾನು ಸಾಯೋದು ಇವತ್ತೋ ನಾಳೆಯೋ?"

"ಕೆಲವು ವಿಷ ನಿಧಾನ," ಎಂದ ಪಂಡಿತ. "ಮೂವತ್ತು ವರ್ಷವೂ ತೆಗೆದುಕೊಳ್ಳಬಹುದು."

"ಹಾಗಾದ್ರೆ ನನಗೆ ಲಾಭವೇ."

ಅಂಗಳದಲ್ಲಿ ಮೊದಲ ನಗು ಹುಟ್ಟಿದ್ದೂ, ಒಳಗೆ ಮಗು ಅತ್ತದ್ದೂ ಒಟ್ಟಿಗೇ. ನಗು ನಿಂತಿತು. ಅಳು ನಿಲ್ಲಲಿಲ್ಲ. ಗಟ್ಟಿ ಅಳು, ಒಡತಿಯ ಮೊಮ್ಮಗಳದೇ ಸರಿ.

ಊರು ಎದ್ದು ನಿಂತಿತು. ಎಲ್ಲರೂ ಒಟ್ಟಿಗೆ ಮಾತಾಡಿದರು. ಜೇಡ ಕಂಡ ಕೋಣೆ ಜೇಡದ್ದು, ಸರಿ. ಮಗು ಹುಟ್ಟಿದ ಕೋಣೆ ಯಾರದ್ದು? ಕಟ್ಟಳೆಯಲ್ಲಿ ಅದಿಲ್ಲ. ಮಗುವನ್ನೂ ಒಳಗಿಟ್ಟು ಬೀಗ ಹಾಕುವುದೇ? ಎರಡು ಪೆಟ್ಟು ಬಿದ್ದಾಗಿದೆ, ಮೂರನೆಯದು ಏನಾಗಬೇಕು? ಪಂಡಿತ ಒಂದು ಹೇಳಿದ, ಇನ್ನೊಬ್ಬರು ಒಂದು ಹೇಳಿದರು. ಜಾಗಟೆಯವನು ಕೋಲು ಎತ್ತಿದವನು ಎತ್ತಿಯೇ ಇದ್ದ.

ಬಾಗಿಲು ತೆರೆಯಿತು. ಒಡತಿ ಹೊರಗೆ ಬಂದಳು. ಮೊದಲ ಸಲ ಮುಖ ಮುಂದೆ ಮಾಡಿಕೊಂಡು ಬಂದಳು. ಸೀರೆ ನೆನೆದಿತ್ತು, ಕೂದಲು ಬಿಚ್ಚಿತ್ತು. ನೇರ ಶೆಟ್ಟಿಯ ಮುಂದೆ ಬಂದು ಕೈ ಚಾಚಿದಳು.

"ಶೆಟ್ರೇ, ಬೀಗ ಕೊಡಿ."

ಶೆಟ್ಟಿಗೆ ಊದಿದ ಹೆಬ್ಬೆರಳಿಗಿಂತ ಆ ಮಾತು ನೋಯಿಸಿತು. "ಇಷ್ಟೆಲ್ಲ ಆದ ಮೇಲೂನಾ ತಾಯಿ?"

"ಕೊಡಿ ಅಂದೆ. ದೊಡ್ಡದು ಕೊಡಿ. ಕೈ ಸಮೇತ."

ಅವನು ಕೊಟ್ಟ. ಜಾಗಟೆಯವನು ಕೋಲನ್ನು ಇನ್ನೂ ಮೇಲೆತ್ತಿದ. ಒಡತಿ ಬೀಗ ಹಿಡಿದು ಒಳಕೋಣೆಯ ಕಡೆ ಹೋಗಲಿಲ್ಲ. ಅಂಗಳದ ನಡುವೆ ನಿಂತು ಸುತ್ತ ನೋಡಿದಳು.

"ಬಾಣಂತಿ ಮಲಗಬೇಕು. ಮಗು ಮಲಗಬೇಕು. ಬೆಳಗಿನಿಂದ ಸಂತೆ ಮಾಡಿಟ್ಟಿದ್ದೀರಿ. ಏಳಿ ಎಲ್ಲಾ. ನಡೀರಿ ಹೊರಗೆ."

"ಆದರೆ ಕಟ್ಟಳೆ..." ಎಂದ ಪಂಡಿತ.

"ಹೊರಗೆ!"

ಕೋಳಿ ಅಟ್ಟಿದಂತೆ ಅಟ್ಟಿದಳು. ಪಂಡಿತನನ್ನು, ನೆರೆಮನೆಯವರನ್ನು, ಕುಂಟುತ್ತಿದ್ದ ಜಾಗಟೆಯವನನ್ನು, ಗೋಣಿ ಹೆಗಲಿಗೆ ಹಾಕಿಕೊಳ್ಳಲು ತಡವಾದ ಶೆಟ್ಟಿಯನ್ನು. ಬೀದಿಬಾಗಿಲು ಧಡ್ ಎಂದು ಮುಚ್ಚಿತು. ಒಳಗಿನಿಂದ ಸರಪಳಿ ಎಳೆದ ಸದ್ದು, ಬೀಗ ಬಿದ್ದ ಸದ್ದು. ಆ ಊರಿನಲ್ಲಿ ಮನುಷ್ಯರನ್ನು ಹೊರಗಿಡಲು ಬೀಗ ಹಾಕಿದ್ದು ಯಾರೂ ಕೇಳಿರಲಿಲ್ಲ. ಎಲ್ಲರೂ ಬೀದಿಯಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿದರು.

"ನನ್ನ ಮೂರನೇ ಪೆಟ್ಟು?" ಎಂದ ಜಾಗಟೆಯವನು, ಬಾಗಿಲಿಗೆ ಬಾಯಿ ಹತ್ತಿಸಿ.

"ಬಾರಿಸು ನೋಡೋಣ!" ಒಳಗಿನಿಂದ ಒಡತಿ. "ಈಗ ತಾನೇ ಕಣ್ಣು ಮುಚ್ಚಿದೆ ಕೂಸು."

ಅವನು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

ಎದುರುಮನೆಯಾಕೆ ಶೆಟ್ಟಿಯ ಹತ್ತಿರ ಬಂದು, ಅವನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಊತ ಅರ್ಧ ಇಳಿದಿತ್ತು. ಹಲ್ಲಿನ ಗುರುತು ಎರಡು ಸಾಸಿವೆ ಕಾಳಿನಷ್ಟು. ಅವಳು ಏನೂ ಹೇಳದೆ ತನ್ನ ಮನೆಗೆ ಹೋದಳು.

ಅವಳ ಮನೆಯಿಂದ ಕಲ್ಲು ಕಬ್ಬಿಣಕ್ಕೆ ಬಡಿದ ಸದ್ದು ಬಂತು. ಒಂದು ಏಟು. ಎರಡು. ಎರಡಕ್ಕೇ ಏನೋ ಮುರಿದು ನೆಲಕ್ಕೆ ಬಿತ್ತು. ಶೆಟ್ಟಿ ಕಿವಿ ನಿಮಿರಿಸಿದ. ಮಾಲಿನ ಸದ್ದು ವ್ಯಾಪಾರಿಗೆ ತಿಳಿಯದೆ ಇರುತ್ತದೆಯೇ? ತಾತನ ಕಾಲದ್ದು, ತುಕ್ಕು ತಿಂದದ್ದು. ಅದರ ಹಿಂದೆಯೇ ಬಹಳ ದಿನ ಮುಚ್ಚಿದ್ದ ಬಾಗಿಲು ಕಿರ್‍ರ್ ಎಂದ ಸದ್ದು, ಆಮೇಲೆ ಅವಳು ಕೆಮ್ಮಿದ್ದು, ಆಮೇಲೆ, "ಅಯ್ಯೋ, ನಮ್ಮವ್ವನ ತೊಟ್ಟಿಲು ಇಲ್ಲೇ ಇದೆ!" ಎಂದು ಕೂಗಿದ್ದು.

ಬೀದಿಯ ಜನ ಒಬ್ಬೊಬ್ಬರಾಗಿ ಕರಗಿದರು. ಪಂಡಿತ ಮಾತ್ರ ಶೆಟ್ಟಿಯ ಪಕ್ಕ ಕುಳಿತು, ಅವನ ಮುಖದಲ್ಲಿ 'ನಿಧಾನದ ವಿಷ'ದ ಗುರುತು ಹುಡುಕುತ್ತಿದ್ದ. ಮೇಲಿನ ಕಡೆಯಿಂದ ಕಲ್ಲಿನ ಸದ್ದು ಬಂತು. ಐದು ಏಟಿಗೆ ಬಿಟ್ಟಿತು: ಅಪ್ಪನ ಮಾಲು. ಕೆಳಗಿನ ಕಡೆಯಿಂದ ಬಂತು. ಮೂರು ಏಟು. ಅದು ತಾತನದೇ. ಒಬ್ಬ ಮುದುಕ ಕೊಡಲಿ ಹುಡುಕಿಕೊಂಡು ಓಡಿದ. ಓಡುವಾಗ ಬೀಳಲಿಲ್ಲ.

ಇನ್ನೊಂದು ಮನೆಯಲ್ಲಿ ಹೊಡೆತ ಶುರುವಾಯಿತು. ಏಳು, ಎಂಟು, ಒಂಬತ್ತು. ಬಿಡಲಿಲ್ಲ. ಹನ್ನೆರಡು. ಕಲ್ಲು ಒಡೆದ ಸದ್ದು ಬಂತು, ಬೀಗ ಒಡೆದದ್ದಲ್ಲ. ಹೊಡೆಯುವ ಹೆಂಗಸು ಉಸಿರು ಎಳೆದುಕೊಂಡು, ಬೀಗ ಮಾರಿದವನ ಏಳು ತಲೆಮಾರಿಗೂ ಬೈದಳು.

ಶೆಟ್ಟಿಗೆ ಒಂದು ಕ್ಷಣ ಹೆಮ್ಮೆಯಾಯಿತು. ಅದು ತಾನೇ ಮಾರಿದ್ದು, ಹೋದ ವರ್ಷದ್ದು. ಆಮೇಲೆ ನಿಟ್ಟುಸಿರು ಬಿಟ್ಟು, ಗೋಣಿಯನ್ನು ಪಂಡಿತನ ಮಡಿಲಿಗೆ ಇಟ್ಟು, ಎದ್ದು ಆ ಮನೆಯ ಕಡೆ ನಡೆದ.

"ಬೀಗಕ್ಕೆ ಹೊಡೀಬೇಡಿ ತಾಯಿ, ಅದು ಜಗ್ಗೋ ಮಾಲಲ್ಲ," ಎಂದು ಕೂಗಿದ. "ಬಾಗಿಲಿಗೆ ಒದೀರಿ. ಬೀಗ ಹಾಕಿದಾಗಲೇ ಗೆದ್ದಲು ತಿಂದಿತ್ತು."